ಬೆಂಗಳೂರಿನ ಪಿನ್‌ಗಳು ಧ್ರುವದ ಬಳಿ ಬಿದ್ದಾಗ

ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗಿದವರ ಮಾತು, ಫೋಟೋಗಳನ್ನು ಯುಮ್ಯಾಪ್ ಎಂಬ ಆನ್‌ಲೈನ್ ನಕ್ಷೆಗೆ ಏರಿಸಿದರೆ ಪಿನ್‌ಗಳೆಲ್ಲ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ! ಕಾರಣ ಸಣ್ಣದು. ಗೂಗಲ್ ಮ್ಯಾಪ್ಸ್ ಅಕ್ಷಾಂಶವನ್ನು ಮೊದಲು ಕೊಡುತ್ತದೆ: 12.97, 77.59. ನಕ್ಷೆಯ ಮಾಹಿತಿ ತುಂಬುವ ಜಿಯೋಜೇಸನ್ ಕಡತಕ್ಕೆ ರೇಖಾಂಶ ಮೊದಲು ಬೇಕು: 77.59, 12.97. ಅದಲುಬದಲಾದರೆ ಊರು 77 ಡಿಗ್ರಿ ಉತ್ತರಕ್ಕೆ ಜಿಗಿಯುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಲ್ಯಾಟ್ (lat, ಅಕ್ಷಾಂಶ), ಲಾನ್ (lon, ರೇಖಾಂಶ) ಎಂಬ ಎರಡು ಕಾಲಂ ಮಾಡಿ (ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ) ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯದ ಕಡತ) ಆಗಿ ಏರಿಸಿದಾಗ ಗೊಂದಲ ಮುಗಿಯಿತು.

ಕನ್ನಡದ ಮಾತುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾದರೆ ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಆರಿಸಿ ಮತ್ತೆ ಉಳಿಸಿ.

ಫೋಟೋದ ಜಾಗ ಹಿಡಿಯುವುದೇ ನಿಜವಾದ ತಲೆನೋವು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರದಿಂದ ಜಿಪಿಎಸ್ ಮಾಹಿತಿ ಅಳಿದುಹೋಗುತ್ತದೆ. ಜನರಿಗೆ ಸುಲಭವಾದದ್ದು, ಫೋಟೋ ಜೊತೆಗೆ ಲೊಕೇಶನ್ ಪಿನ್ ಕಳಿಸುವುದು. ವಿಳಾಸ ಕೇಳಿ ಪ್ರಯೋಜನವಿಲ್ಲ. ‘3ನೇ ಕ್ರಾಸ್, 5ನೇ ಮೇನ್’ ಬಡಾವಣೆಗೊಂದು ಇದೆ.

ದಶಮಾಂಶದ ನಂತರ 5 ಅಂಕಿ ಇಟ್ಟರೆ ಸುಮಾರು ಒಂದು ಮೀಟರ್ ನಿಖರತೆ, ಅಂದರೆ ನೇರ ಮನೆ ಬಾಗಿಲು. ಕಟ್ಟಿಕೊಂಡ ಚರಂಡಿಗೆ ಅದು ಸರಿ. ಬಾಡಿಗೆದಾರರು ಮಾಲೀಕರ ಬಗ್ಗೆ ಹೇಳಿದ ಮಾತಿಗೆ ಖಂಡಿತ ಬೇಡ. ಅಂಥ ಸಾಲುಗಳನ್ನು ರೌಂಡ್ ಸೂತ್ರದಿಂದ 3 ಅಂಕಿಗೆ ಇಳಿಸಿ. ಪಿನ್ ಒಂದೆರಡು ಬೀದಿ ಆಚೀಚೆ ಸರಿಯುತ್ತದೆ. ಆದರೆ ಏರಿಸುವ ಫೋಟೋದೊಳಗೆ ಜಿಪಿಎಸ್ ಉಳಿದಿದ್ದರೆ ಇದೆಲ್ಲ ದಂಡ, ಅದನ್ನೂ ತೆಗೆದೇ ಏರಿಸಬೇಕು.