ಮೆಕ್ಕೆಜೋಳದ ಸಿಪ್ಪೆಯಲ್ಲಿ ತಲಬಾಗಿಲಿಗೆ ಹಬ್ಬದ ಬಳೆ

ದೀಪಾವಳಿ ಹತ್ತಿರ ಬಂತು ಅಂದ್ರೆ ದಾವಣಗೆರೆ ಪೇಟೆಯ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಹೂವಿನ ತೋರಣಗಳು ತೂಗಾಡುತ್ತಿರುತ್ತವೆ. ಅದೇ ಹೊತ್ತಿಗೆ ಊರ ಸುತ್ತಲಿನ ಹೊಲಗಳ ಬದುವಿನಲ್ಲಿ ಮೆಕ್ಕೆಜೋಳದ ಸಿಪ್ಪೆ ರಾಶಿ ಬಿದ್ದಿರುತ್ತದೆ, ಎಷ್ಟೋ ಜನ ಅದಕ್ಕೆ ಬೆಂಕಿ ಇಡುತ್ತಾರೆ. ನಾನು ಆ ಸಿಪ್ಪೆಯಿಂದಲೇ ತಲಬಾಗಿಲಿಗೆ ದುಂಡನೆಯ ಬಳೆ ಕಟ್ಟುತ್ತೇನೆ. ಕ್ರಿಸ್‌ಮಸ್‌ಗೆ ಬಾಗಿಲಿಗೆ ಹಸಿರು ರೆಂಬೆಯ ಚಕ್ರ ತೂಗುಹಾಕ್ತಾರಲ್ಲ, ಅದೇ ಆಕಾರ. ಚಳಿ ದೇಶಗಳಲ್ಲಿ ಪೈನ್, ಫರ್ ಮರಗಳು ಹಿಮ ಬಿದ್ದರೂ ಹಸಿರಾಗಿರುತ್ತವೆ, ಹಾಗಾಗಿ ಅವರು ಅದರ ರೆಂಬೆ ಬಳಸುತ್ತಾರೆ. ನಮಗೆ ಈ ಕಾಲಕ್ಕೆ ಸಿಗೋದು ಸಿಪ್ಪೆ, ತೆನೆ, ಹತ್ತಿ. ಇದನ್ನ ಬಿಟ್ಟು ಥರ್ಮಾಕೋಲಿಗೆ ಪ್ಲಾಸ್ಟಿಕ್ ಎಲೆ ಅಂಟಿಸೋದು ನನಗಂತೂ ಸರಿ ಕಾಣಲ್ಲ.

ಸಿಪ್ಪೆ ತರೋದಕ್ಕೆ ಸಮಯ ನೋಡಬೇಕು. ಜೂನ್‌ನಲ್ಲಿ ಬಿತ್ತಿದ ಮೆಕ್ಕೆಜೋಳ ಅಕ್ಟೋಬರ್ ಹೊತ್ತಿಗೆ ಮುರಿಯೋಕೆ ಬರುತ್ತದೆ. ಈಗ ಸಿಪ್ಪೆ ಸಮೇತ ತೆನೆ ಹಾಕಿದರೆ ಕಾಳು ಬಿಡಿಸಿಕೊಡುವ ಯಂತ್ರಗಳು ಬಂದಿವೆ, ಅವು ಸಿಪ್ಪೆಯನ್ನ ಚೂರುಚೂರು ಮಾಡಿಬಿಡುತ್ತವೆ. ಆದ್ದರಿಂದ ಯಂತ್ರ ಬರುವ ಮುಂಚೆಯೇ ಜಗಳೂರು ಕಡೆ ಇರುವ ಚಿಕ್ಕಪ್ಪನ ಹೊಲಕ್ಕೆ ಹೋಗಿ ಕೈಯಲ್ಲೇ ಸುಲಿದು ತರುತ್ತೇನೆ. ಒಂದು ಬಳೆಗೆ 20 ತೆನೆ ಸಿಪ್ಪೆ ಇದ್ದರೆ ಸಾಕು. ಹೊರಗಿನ ಎಲೆ ಒರಟು, ತೀರಾ ಒಳಗಿನದು ಕಾಗದಕ್ಕಿಂತ ತೆಳು. ನಡುವಿನ ನಾಲ್ಕೈದು ಎಲೆಗಳೇ ಬೇಕಾದವು. ದೇಶದಲ್ಲೇ ಮೊದಲು 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡ, ಮೆಕ್ಕೆಜೋಳ ತಿನ್ನುವ ಸೈನಿಕ ಹುಳು ಈಗ ನಮ್ಮ ಹೊಲಗಳಲ್ಲೂ ಇದೆ, ತೂತು ಬಿದ್ದ ಸಿಪ್ಪೆ ಜಾಸ್ತಿ. ಅಂಥದ್ದನ್ನ ಒಳಪದರಕ್ಕೆ ಹಾಕಿದರೆ ನಡೆಯುತ್ತದೆ. ಕಪ್ಪು ಬೂಷ್ಟು ಹಿಡಿದಿದ್ದನ್ನ ಮಾತ್ರ ಇಟ್ಟುಕೊಳ್ಳಬೇಡಿ, ನೀರು ತಾಗಿದ ಕೂಡಲೇ ಉಳಿದಿದ್ದಕ್ಕೂ ಹಬ್ಬುತ್ತದೆ. ಚೆನ್ನಾಗಿರೋದನ್ನ ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ.

ಬಳೆಗೆ ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಬಿದಿರಿನ ದಬ್ಬೆ ಕೇಳಿ. ತೆಳ್ಳಗೆ ಸೀಳಿಸಿಕೊಂಡು ರಾತ್ರಿ ನೀರಲ್ಲಿ ಹಾಕಿಟ್ಟರೆ ಬೆಳಿಗ್ಗೆ ಸಲೀಸಾಗಿ ಬಾಗುತ್ತದೆ. 3 ಅಡಿ ಅಗಲದ ಬಾಗಿಲಿಗೆ 14 ಇಂಚಿನ ಬಳೆ ಸರಿಹೋಗುತ್ತದೆ, ಅದಕ್ಕಿಂತ ಚಿಕ್ಕದು ರಸ್ತೆಯಿಂದ ಕಾಣಲ್ಲ. ಎರಡು ದಬ್ಬೆ ಜೋಡಿಸಿ, ಕಂಬಿ ಕಟ್ಟೋಕೆ ಬಳಸುವ ಬೈಂಡಿಂಗ್ ವೈರಿನಿಂದ ಬಿಗಿದು, ಮೇಲೆ ಹಳೇ ಕಾಟನ್ ಸೀರೆಯ ಪಟ್ಟಿ ಸುತ್ತುತ್ತೇನೆ. ಬರೀ ಬಿದಿರಿನ ಮೇಲೆ ಸಿಪ್ಪೆ ಜಾರುತ್ತದೆ.

ಇನ್ನು ಕಟ್ಟೋ ಕೆಲಸ. ಒಣ ಸಿಪ್ಪೆ ಮಡಿಸಿದರೆ ಸೀಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ನೆನೆಸಿ, ತೆಗೆದು ಒದ್ದೆ ಟವೆಲ್‌ನಲ್ಲಿ ಸುತ್ತಿಟ್ಟುಕೊಳ್ಳಿ, ಆಗ ಬಟ್ಟೆಯಷ್ಟೇ ಮೆತ್ತಗೆ ಮಾತು ಕೇಳುತ್ತದೆ. ಒಂದೊಂದು ಎಲೆಯನ್ನ ಗೆರೆ ಬೀಳದ ಹಾಗೆ ಬಾಗಿಸಿ, ಎರಡೂ ತುದಿ ಸೇರಿಸಿ, ಬುಡದಲ್ಲಿ ನೆರಿಗೆ ಹಿಡಿಯಿರಿ. ಅಂಥ ಮೂರು ಸೇರಿಸಿದರೆ ಒಂದು ಗೊಂಚಲು. ಗೊಂಚಲನ್ನ ಬಳೆಯ ಮೇಲೆ ಓರೆಯಾಗಿಟ್ಟು ದಾರದಿಂದ ಬಿಗಿಯಿರಿ, ಮುಂದಿನ ಗೊಂಚಲು ಹಿಂದಿನದರ ಗಂಟನ್ನ ಮುಚ್ಚಬೇಕು, ಹೀಗೇ ಒಂದೇ ದಿಕ್ಕಿಗೆ ಸುತ್ತ ಬನ್ನಿ. ಗಂಟು ಎಷ್ಟು ಬಿಗಿ ಅನ್ಸುತ್ತೋ ಅದಕ್ಕಿಂತ ಇನ್ನೊಂಚೂರು ಬಿಗಿ ಮಾಡಿ, ಯಾಕಂದ್ರೆ ಸಿಪ್ಪೆ ಒಣಗಿದಾಗ ಸೊರಗುತ್ತದೆ, ಸಡಿಲ ಕಟ್ಟಿದ್ದು ಒಂದು ವಾರದಲ್ಲಿ ಉದುರುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಪೂರ್ತಿ ಒಣಗಲಿ.

ಬಣ್ಣ ಬೇಕಂದ್ರೆ ಕಟ್ಟೋ ಮುಂಚೆಯೇ ಅರಿಶಿನ ಹಾಕಿ ಕುದಿಸಿದ ನೀರಲ್ಲಿ ಅರ್ಧ ಸಿಪ್ಪೆ ನೆನೆಸಿ. ಅರಿಶಿನ ಬಿಸಿಲಿಗೆ ಬಿಳಚಿಕೊಳ್ಳುತ್ತದೆ, ಹಾಗಾಗಿ ಆ ಗೊಂಚಲುಗಳನ್ನ ಒಳಸಾಲಿಗೆ ಹಾಕುತ್ತೇನೆ.

ಮೊದಲ ಸಲ ಕಟ್ಟಿದಾಗ ಅತ್ತೆ ಕೇಳಿದ್ದರು, "ಹಬ್ಬದ ದಿನ ಒಣಗಿದ್ದು ಬಾಗಿಲಿಗೆ ಯಾಕವ್ವಾ?" ಆ ಮಾತಲ್ಲಿ ಅರ್ಥ ಇದೆ. ಅದಕ್ಕೆ ಮೇಲೆ ಹಸಿ ಮಾವಿನೆಲೆಯ ತೋರಣ ಇದ್ದೇ ಇರುತ್ತದೆ, ಬಳೆ ಕದದ ಮೇಲೆ. ಪಾಡ್ಯದ ದಿನ ಸಗಣಿಯಲ್ಲಿ ಮಾಡಿ ಪೂಜಿಸುವ ಹಟ್ಟೆವ್ವನಿಗೆ ತಂದ ಚೆಂಡುಹೂವು, ಉತ್ರಾಣಿ ಕಡ್ಡಿಯಲ್ಲಿ ಒಂದಿಷ್ಟನ್ನ ಅತ್ತೆಯೇ ಈಗ ಬಳೆಗೆ ಸಿಕ್ಕಿಸುತ್ತಾರೆ. ಹಾಗೇ ಇನ್ನೊಂದು, ಬರೀ ಬಿಳಿ ಹೂವಿನಿಂದ ದುಂಡಗೆ ಕಟ್ಟಿದರೆ ನೋಡಿದವರಿಗೆ ಅಂತಿಮ ದರ್ಶನದಲ್ಲಿಡುವ ಹೂವಿನ ಚಕ್ರವೇ ನೆನಪಾಗುತ್ತದೆ. ಹಳದಿ, ಕೇಸರಿ, ಕೆಂಪು ಇರಲೇಬೇಕು.

ಒಣ ಸಿಪ್ಪೆ ಅಂದ್ರೆ ಕ್ಷಣದಲ್ಲಿ ಹತ್ತಿಕೊಳ್ಳೋ ವಸ್ತು, ಇದನ್ನ ದಯವಿಟ್ಟು ಮರೀಬೇಡಿ. ನಮ್ಮನೆ ಬಳೆ ನೆಲದಿಂದ 5 ಅಡಿ ಮೇಲಿದೆ, ಹೊಸ್ತಿಲ ದೀಪಗಳನ್ನ ಬಾಗಿಲ ಎರಡೂ ಮೂಲೆಗೆ ಸರಿಸಿಡುತ್ತೇವೆ, ಸೀರಿಯಲ್ ಸೆಟ್ ಅದಕ್ಕೆ ಸುತ್ತೋದೇ ಇಲ್ಲ. ಓಣಿಯಲ್ಲಿ ಪಟಾಕಿ ಹೊಡೆಯುವ ಹೊತ್ತಿಗೆ ಬಳೆ ಬಿಚ್ಚಿ ಒಳಗಿಡುತ್ತೇನೆ. ಬಿಚ್ಚೋಕೆ ಸುಲಭ ಆಗಲಿ ಅಂತಾನೇ ಕದಕ್ಕೆ ಮೊಳೆ ಹೊಡೆದಿಲ್ಲ. ನೈಲಾನ್ ದಾರವನ್ನ ಕದದ ಮೇಲಂಚಿನಿಂದ ದಾಟಿಸಿ ಒಳಗಿನ ಚಿಲಕಕ್ಕೆ ಕಟ್ಟಿದ್ದೇನೆ.

ಡಿಸೆಂಬರ್‌ನಲ್ಲಿ ಎದುರುಮನೆ ಆಂಟಿಗೂ ಒಂದು ಕಟ್ಟಿಕೊಡುತ್ತೇನೆ, ಅವರಿಗೆ ಕ್ರಿಸ್‌ಮಸ್. ಅಷ್ಟೊತ್ತಿಗೆ ಭದ್ರಾ ನಾಲೆ ಬಯಲಿನ ಭತ್ತ ಕೊಯ್ಲಿಗೆ ಬಂದಿರುತ್ತದೆ, ಹತ್ತಿ ಕಾಯಿ ಒಡೆದಿರುತ್ತದೆ. ಸಿಪ್ಪೆಯ ನಡುವೆ ಭತ್ತದ ತೆನೆ, ಬಿಳಿ ಹತ್ತಿ, ಒಂದೆರಡು ಸರ್ವೆ ರೆಂಬೆ ಸೇರಿಸಿ ಕೆಂಪು ರಿಬ್ಬನ್ ಕಟ್ಟಿದರೆ ತುಂಬಾ ಚೆನ್ನಾಗಿ ಕಾಣುತ್ತದೆ. ತೆನೆಗೆ ಗುಬ್ಬಿ ಬರುತ್ತವೆ, ಬರಲಿ. ಸಂಕ್ರಾಂತಿ ಆದಮೇಲೆ ವೈರು, ರಿಬ್ಬನ್ ಬಿಚ್ಚಿ ಸಿಪ್ಪೆಯನ್ನ ಗೊಬ್ಬರದ ಗುಂಡಿಗೆ ಹಾಕಿ. ಗಮ್ ಬಳಸದೆ ದಾರದಲ್ಲೇ ಕಟ್ಟಿ ಅಂತ ಹೇಳೋದು ಇದಕ್ಕೇ. ಬಿದಿರಿನ ಬಳೆಯನ್ನ ತೆಗೆದಿಡಿ, ಮುಂದಿನ ವರ್ಷಕ್ಕೂ ಬರುತ್ತದೆ.