ಕಾರ್ತಹೇನಾ: ಅಮ್ಮನ ಜೊತೆ ಆರು ಗಂಟೆ, ಹಡಗಿನ ಟೂರ್ ಇಲ್ಲದೆ

"ಕ್ರೂಸ್ ಹಡಗಿನವರ ಟೂರ್ ಬಿಟ್ಟು ನೀವೇ ಇಳಿದು ಹೋದರೆ, ಹಡಗು ನಿಮ್ಮನ್ನ ಬಿಟ್ಟು ಹೋಗುತ್ತೆ ನೋಡಿ" ಅಂತ ಭಾವ ಎರಡು ತಿಂಗಳು ಹೇಳುತ್ತಲೇ ಇದ್ದರು. ಅವರ ಭಯ ಸುಳ್ಳಲ್ಲ. ಅಮ್ಮನಿಗೆ 72 ವರ್ಷ, ಎರಡೂ ಮಂಡಿ ನೋವು. ನಾವು ನಾಲ್ಕೂ ಜನ ಸಸ್ಯಾಹಾರಿಗಳು. ಆದರೂ ಸ್ಪೇನಿನ ಬಂದರು ಊರು ಕಾರ್ತಹೇನಾದಲ್ಲಿ ನಾವೇ ಇಳಿದು ಹೋದೆವು. ನೋಡಬೇಕು ಅಂದುಕೊಂಡಿದ್ದನ್ನೆಲ್ಲ ನೋಡಿ, ಹಡಗು ಬಿಡುವುದಕ್ಕೆ ಒಂದೂವರೆ ಗಂಟೆ ಮೊದಲೇ ಡೆಕ್ ಮೇಲೆ ಕೂತಿದ್ದೆವು.

ಇದಕ್ಕೆ ಮುಂಚೆ ಎರಡು ಸಲ ಸೋತಿದ್ದೇನೆ. ಮೊದಲನೆಯದು ಇಟಲಿಯ ಬಂದರು ಚಿವಿತಾವೆಕ್ಯಾ. ರೋಮ್ ಅಲ್ಲಿಂದ 70-80 ಕಿ.ಮೀ. ದೂರ. ವಾಪಸ್ ಬರುವಾಗ ಗೊತ್ತಾಗದೆ ಎಲ್ಲ ಕಡೆ ನಿಲ್ಲುವ ರೈಲು ಹತ್ತಿಬಿಟ್ಟೆ. ಆ ದಿನ ಕೊಲೋಸಿಯಂ ನೋಡಿದ್ದಕ್ಕಿಂತ ಗಡಿಯಾರ ನೋಡಿದ್ದೇ ಜಾಸ್ತಿ. ಅವತ್ತೇ ತೀರ್ಮಾನ ಮಾಡಿದೆ: ಹಡಗು ಊರ ಬಾಗಿಲಲ್ಲೇ ನಿಲ್ಲುವ ಸಣ್ಣ ಬಂದರುಗಳಲ್ಲಿ ಮಾತ್ರ ಸ್ವಂತ ಓಡಾಟ.

ಕಾರ್ತಹೇನಾ ಅಂಥದ್ದು. ಇಳಿದು ಹತ್ತು ನಿಮಿಷ ನಡೆದರೆ ಊರ ನಡುವೆ ಇರುತ್ತೀರಿ. ಆದರೆ ಅಲ್ಲೂ ಮೊದಲ ಸಲ ಕೆಟ್ಟೆ. ಹೋದದ್ದು ಸೋಮವಾರ. ರೋಮನ್ ಥಿಯೇಟರ್ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ! ಮೇಲಿನ ಪಾರ್ಕಿನಿಂದಾದರೂ ನೋಡೋಣ ಅಂತ ಅಮ್ಮನನ್ನ ನಡೆಸಿಕೊಂಡು ಗುಡ್ಡ ಹತ್ತಿಸಿದೆ. ಥಿಯೇಟರ್ ಕಾಣಿಸಿತು. ಆದರೆ ಇಳಿಜಾರಿನಲ್ಲಿ ಅವರ ಮಂಡಿ ಹಿಡಿದುಕೊಂಡಿತು. ಟ್ಯಾಕ್ಸಿಗೆ ಕೊಟ್ಟ ದುಡ್ಡು ಹೋಗಲಿ, ಮುಂದಿನ ಎರಡು ದಿನ ಅವರು ಕ್ಯಾಬಿನ್ ಬಿಟ್ಟು ಬರಲೇ ಇಲ್ಲ. ಆ ಬೇಸರ ನನ್ನ ಮನಸ್ಸಿನಲ್ಲಿ ಮೂರು ವರ್ಷ ಇತ್ತು.

ಈ ಸಲ ಕ್ಯಾಬಿನ್ ಬುಕ್ ಮಾಡುವ ಮೊದಲೇ ವಾರ ನೋಡಿದೆ. ಗುರುವಾರ. ಮತ್ತೆ ಒಂದೇ ನಿಯಮ ಇಟ್ಟುಕೊಂಡೆ: ಹತ್ತುವುದೂ ಲಿಫ್ಟ್‌ನಲ್ಲಿ, ಇಳಿಯುವುದೂ ಲಿಫ್ಟ್‌ನಲ್ಲಿ. ಬಂದರಿನಿಂದ ಸಮತಟ್ಟು ದಾರಿಯಲ್ಲೇ ಗಿಸ್ಬೆರ್ಟ್ ಬೀದಿಗೆ ಹೋದೆವು. ಅಲ್ಲಿ ಕೋಟೆ ಗುಡ್ಡಕ್ಕೆ ಸುಮಾರು 45 ಮೀಟರ್ ಎತ್ತರದ ಲಿಫ್ಟ್ ಇದೆ. ಮೇಲೆ ಕೊನ್ಸೆಪ್ಸಿಯೋನ್ ಕೋಟೆ, ಕೆಳಗೆ ಇಡೀ ಬಂದರು, ನಮ್ಮ ಹಡಗು. ಪಾರ್ಕಿನಲ್ಲಿ ನವಿಲುಗಳು ಸುಮ್ನೆ ಓಡಾಡಿಕೊಂಡಿರುತ್ತವೆ. ಅಮ್ಮ ಅರ್ಧ ಗಂಟೆ ಅಲ್ಲೇ ಕೂತರು. ನಾನು ಅವಸರ ಮಾಡಲಿಲ್ಲ.

ಥಿಯೇಟರ್ ಮ್ಯೂಸಿಯಂ ಬಾಗಿಲು ಇರುವುದು ಕೆಳಗೆ, ಪುರಭವನದ ಚೌಕದಲ್ಲಿ. ಒಳಗೆ ಯಾಂತ್ರಿಕ ಮೆಟ್ಟಿಲು, ಲಿಫ್ಟ್ ಎರಡೂ ಇವೆ. ಹಳೆಯ ಚರ್ಚಿನ ಅಡಿಯಲ್ಲಿ ಒಂದು ಸುರಂಗದ ಹಾದಿ. ಅದು ಮುಗಿದ ಕೂಡಲೇ ಬಯಲಿನಲ್ಲಿ ಥಿಯೇಟರ್ ಎದುರಾಗುತ್ತದೆ. ಎರಡು ಸಾವಿರ ವರ್ಷ ಹಳೆಯದು. 1988ರವರೆಗೂ ಮನೆಗಳ ಕೆಳಗೆ ಹೂತುಹೋಗಿತ್ತು ಅಂದರೆ ನಂಬಲಾಗುವುದಿಲ್ಲ. ಅಮ್ಮ ಕಲ್ಲು ಮುಟ್ಟಿ, "ಇದರ ಮೇಲೆ ಅಡುಗೆ ಮಾಡಿಕೊಂಡಿದ್ದರಾ?" ಅಂದರು.

ಊಟದ ವಿಷಯಕ್ಕೆ ಬರುತ್ತೇನೆ, ನಮ್ಮವರು ಏಮಾರುವುದು ಇಲ್ಲೇ. 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ ಅಂತ ಹೇಳಿದರೆ ಸಾಲದು. ಸಲಾಡ್ ಮೇಲೆ ಟ್ಯೂನಾ ಮೀನು ಹಾಕಿ ತರುತ್ತಾರೆ. 'ಸಿನ್ ಅತೂನ್' ಅಂತಲೂ ಹೇಳಬೇಕು. ಊರಿನ ಹೆಸರಾಂತ ತಿಂಡಿ ಮರಿನೇರಾ ಅಂದರೆ ಗರಿಗರಿ ಬ್ರೆಡ್ ಕಡ್ಡಿಯ ಮೇಲೆ ಆಲೂಗಡ್ಡೆ ಸಲಾಡ್, ಅದರ ಮೇಲೆ ಆಂಚೊವಿ ಮೀನು ಇರುತ್ತದೆ. ಆ ಮೀನು ಇಲ್ಲದ್ದಕ್ಕೆ ಬಿಸಿಕ್ಲೇತಾ ಅಂತಾರೆ. ಆದರೆ ಅದರ ಸಲಾಡ್‌ನಲ್ಲೂ ಸಾಮಾನ್ಯವಾಗಿ ಟ್ಯೂನಾ ಇದ್ದೇ ಇರುತ್ತದೆ, ಮೊಟ್ಟೆಯೂ ಇರುತ್ತದೆ. ನಾವು ತಿಂದದ್ದು ಟೊಮೆಟೊ ಸವರಿದ ಬಿಸಿ ಬ್ರೆಡ್, ಆಲಿವ್ ಎಣ್ಣೆ. ಅದರ ಮೇಲೆ ಹೆಂಡತಿ ಮನೆಯಿಂದ ತಂದ ಚಟ್ನಿಪುಡಿ ಉದುರಿಸಿದಳು. ಮಗಳ ಐಡಿಯಾ ಇದು. ಆ ರುಚಿ ಈಗಲೂ ಮರೆತಿಲ್ಲ. ಶೇಂಗಾ ಪುಡಿಯನ್ನೂ ಹಾಕಿ ನೋಡಿದೆವು, ಅಷ್ಟು ಹಿಡಿಸಲಿಲ್ಲ.

ಅಲ್ಲಿನ ಪ್ರಸಿದ್ಧ ಕಾಫಿ ಆಸಿಯಾತಿಕೋದಲ್ಲಿ ಬ್ರಾಂಡಿ ಇರುತ್ತದೆ, ಹುಷಾರು. ಅಮ್ಮನಿಗೆ ಬೊಂಬೋನ್ ಹೇಳಿದೆ. ಗಟ್ಟಿ ಡಿಕಾಕ್ಷನ್, ಕೆಳಗೆ ಕಂಡೆನ್ಸ್ಡ್ ಹಾಲು. ಎರಡು ಕುಡಿದರು. ಆ ಅಂಗಡಿಯ ಹೆಸರು ಹೇಳುವುದಿಲ್ಲ. ನಾಲ್ಕೇ ಮೇಜಿನ ಜಾಗ, ಅದು ಹಾಗೇ ಇರಲಿ. ಕ್ಯಾಬಿನ್ ಕಡಿಮೆ ದುಡ್ಡಿಗೆ ಹೇಗೆ ಸಿಕ್ಕಿತು ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಕೊನೆಗೆ ಬಂದರಿನ ಪಕ್ಕದ ನೌಕಾ ಮ್ಯೂಸಿಯಂನಲ್ಲಿ ಪೆರಾಲ್ ಸಬ್‌ಮರೀನ್. ಈ ಊರಲ್ಲೇ ಹುಟ್ಟಿದ ಇಸಾಕ್ ಪೆರಾಲ್ ಕಟ್ಟಿದ್ದು, 1888ರಲ್ಲಿ ನೀರಿಗಿಳಿದದ್ದು, ಬ್ಯಾಟರಿಯಲ್ಲಿ ಓಡುತ್ತಿದ್ದದ್ದು. ಇಂಜಿನಿಯರಿಂಗ್ ಓದುವ ಮಗಳು ಅಲ್ಲಿಂದ ಕದಲಲೇ ಇಲ್ಲ.

ಲೆಕ್ಕ, ನೆನಪಿದ್ದಷ್ಟು: ಹಡಗಿನ ಟೂರ್‌ಗೆ ತಲೆಗೆ 65 ಯೂರೋ ಕೇಳಿದ್ದರು, ನಾಲ್ವರಿಗೆ 260. ನಮಗೆ ಟಿಕೆಟ್, ಲಿಫ್ಟ್, ತಿಂಡಿ, ಕಾಫಿ, ಸಬ್‌ಮರೀನ್ ಎಲ್ಲ ಸೇರಿ 95ರ ಆಸುಪಾಸು ಆಯಿತು. ಹದಿನೈದು ಸಾವಿರ ರೂಪಾಯಿಯಷ್ಟು ಉಳಿಯಿತು, ಅಲ್ವಾ? ಅಮ್ಮ ನಡೆದದ್ದು ಫೋನಿನ ಲೆಕ್ಕದಲ್ಲಿ ಐದು ಸಾವಿರ ಹೆಜ್ಜೆ. ಮರುದಿನ ಬೆಳಗ್ಗೆ ತಾವೇ ಎದ್ದು ಡೆಕ್‌ಗೆ ಬಂದರು.

ಭಾವ ಈಗ ಅಕ್ಕನನ್ನ ಕರೆದುಕೊಂಡು ಹೋಗುತ್ತೇನೆ ಅಂತ ಫೋನ್ ಮಾಡಿದ್ದರು. ಹಡಗಿನ ಹೆಸರು, ಕ್ಯಾಬಿನ್ ನಂಬರ್ ಎಲ್ಲ ಹೇಳಿದರು. "ಕಾರ್ತಹೇನಾಕ್ಕೆ ಯಾವ ವಾರ ತಲುಪುತ್ತೀರಿ ಭಾವ?" ಅಂತ ಕೇಳಿದೆ. ನೋಡಿ ಹೇಳುತ್ತೇನೆ ಅಂದರು.