ನೀರು ತುಂಬಿಸಿಕೊಳ್ಳುವಷ್ಟು ಹೊತ್ತಿನಲ್ಲಿ

ಸೈಕಲ್ ಪ್ರವಾಸಗಳಲ್ಲಿ ನಾನು ಕಳ್ಳರಿಗೆ ಕಳೆದುಕೊಂಡಿರುವುದು ಒಂದೇ ಒಂದು ಚೀಲ; ಅದೂ ರಾತ್ರಿಯಲ್ಲಲ್ಲ, ಬಾಟಲಿಗೆ ನೀರು ತುಂಬಿಸಿಕೊಳ್ಳಲು ಅಂಗಡಿಯೊಂದರ ಒಳಗೆ ಹೋಗಿ ಬರುವಷ್ಟರಲ್ಲಿ. ಬೀಗ ಆ ಚೀಲದ ತಳದಲ್ಲೇ ಇದ್ದುದರಿಂದ ಅದೂ ಜೊತೆಗೇ ಹೋಯಿತು.

ಅಂದಿನಿಂದ ಬೀಗಗಳನ್ನು ಕೈಗೆ ಥಟ್ಟನೆ ಸಿಗುವಂತೆ ಫ್ರೇಮಿನ ಮೇಲೆಯೇ ಕೂರಿಸಿಕೊಂಡಿದ್ದೇನೆ. ಒಂದು, ಯು ಆಕಾರದ ಗಟ್ಟಿ ಬೀಗ. ಇನ್ನೊಂದು, ಅಂಕಿ ತಿರುಗಿಸಿ ತೆರೆಯುವ ತೆಳು ಕೇಬಲ್. ಯು ಬೀಗವನ್ನು ಹಿಂಚಕ್ರದ ರಿಮ್ ಮತ್ತು ಫ್ರೇಮಿನ ಹಿಂದಿನ ತ್ರಿಕೋನ ಎರಡನ್ನೂ ಬಳಸಿ ಕಂಬಕ್ಕೆ ಹಾಕುತ್ತೇನೆ. ಒಳಗೆ ಖಾಲಿ ಜಾಗ ಉಳಿದಷ್ಟೂ ಸಲಾಕೆಯನ್ನೋ ಜಾಕನ್ನೋ ತೂರಿಸಿ ಬೀಗವನ್ನು ಹಿಗ್ಗಿಸಿ ಮುರಿಯುವುದು ಸುಲಭವಾಗುವುದರಿಂದ, ಕೊಂಚ ಚಿಕ್ಕದೆನಿಸುವ ಬೀಗವೇ ನನಗೆ ಮೆಚ್ಚು. ಕಂಬವನ್ನು ಮೊದಲು ಅಲುಗಾಡಿಸಿ ನೋಡುತ್ತೇನೆ. ಗಿಡ್ಡ ಕಂಬವಾದರೆ ಬೀಗ ಮುರಿಯದೆಯೇ ಸೈಕಲನ್ನು ಮೇಲಕ್ಕೆತ್ತಿ ಒಯ್ಯಬಹುದು. ಕೇಬಲ್ ಮುಂಚಕ್ರಕ್ಕೂ ಚೀಲಗಳ ಹಿಡಿಕೆಗಳಿಗೂ ಮೀಸಲು. ಸಾಧಾರಣ ಕಟ್ಟರ್‌ಗೂ ಅದು ತುಂಡಾಗುತ್ತದೆಂದು ಬಲ್ಲೆ, ಆದರೆ ದಾರಿಯಲ್ಲಿ ಹೋಗುತ್ತಾ ಚೀಲ ಎಗರಿಸುವವನ ಬಳಿ ಕಟ್ಟರ್ ಇರುವುದು ಅಪರೂಪ.

ಎರಡು ನಿಮಿಷದ ನಿಲುಗಡೆಗೆ ಇಷ್ಟೆಲ್ಲ ಮಾಡಲು ಬೇಸರವಾಗುತ್ತದೆ ಎಂಬುದು ನಿಜ. ಆಗ ಹೆಲ್ಮೆಟ್ಟಿನ ಪಟ್ಟಿಯನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ ಫ್ರೇಮಿಗೆ ಬಿಗಿಯುತ್ತೇನೆ, ಗೇರನ್ನು ಅತ್ಯಂತ ಭಾರದ್ದಕ್ಕೆ ಬದಲಿಸಿಡುತ್ತೇನೆ. ಹಾರಿ ಕೂತು ಪೆಡಲ್ ತುಳಿಯಹೊರಟವನು ಮೊದಲ ಸುತ್ತಿಗೇ ತಡವರಿಸುತ್ತಾನೆ. ಇದು ಬೀಗಕ್ಕೆ ಸಮನಲ್ಲ, ಕೂಗಿಕೊಂಡು ಓಡಿಬರಲು ನನಗೆ ಸಿಗುವ ಸಮಯ, ಅಷ್ಟೆ. ಹಣ, ಫೋನು, ಗುರುತಿನ ಪತ್ರಗಳಿರುವ ಹ್ಯಾಂಡಲ್ ಚೀಲವಂತೂ ಶೌಚಾಲಯಕ್ಕೂ ನನ್ನ ಹೆಗಲ ಮೇಲೇ ಬರುತ್ತದೆ.

ವಸತಿಗೃಹಗಳಲ್ಲಿ ಹಣ ಕೊಡುವ ಮೊದಲೇ ಸೈಕಲ್ ಎಲ್ಲಿರುತ್ತದೆಂದು ಕೇಳುತ್ತೇನೆ. ಕೊಟ್ಟಮೇಲೆ ಕೇಳಿದರೆ ಹಿತ್ತಲಿನ ಮೂಲೆಯೇ ಗತಿ. ಡೇರೆ ಹಾಕಿದ ರಾತ್ರಿ ಅದನ್ನು ಮರಕ್ಕೆ ಬಿಗಿದು, ಚಕ್ರದಿಂದ ಒಂದು ದಾರವನ್ನು ಡೇರೆಯೊಳಗಿನ ಪಾತ್ರೆಗೆ ಕಟ್ಟಿ ಮಲಗುತ್ತೇನೆ. ಗಾಳಿಗೇ ಪಾತ್ರೆ ಉರುಳಿ ನಿದ್ದೆ ಕೆಟ್ಟ ರಾತ್ರಿಗಳೂ ಇವೆ. ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ ಕೊರೆದಿರುವ ಕ್ರಮಸಂಖ್ಯೆಯ ಫೋಟೊವನ್ನು ಮನೆಯವರಿಗೂ ಕಳುಹಿಸಿಟ್ಟಿದ್ದೇನೆ.

ಎರಡನೆಯ ಕೀಲಿಯನ್ನು ಬೇರೆಡೆ ಇಡಬೇಕೆಂದು ಕಲಿತದ್ದು ಮಾತ್ರ ತಡವಾಗಿ. ಒಮ್ಮೆ ಎರಡು ಕೀಲಿಗಳೂ ಒಂದೇ ಗೊಂಚಲಿನಲ್ಲಿ ಕಳೆದುಹೋದಾಗ, ಗ್ರೈಂಡರ್ ಎರವಲು ತಂದು, ಹಾಡಹಗಲಿನಲ್ಲಿ ಜನ ಓಡಾಡುವ ಬೀದಿಯಲ್ಲಿ ಕಿಡಿ ಹಾರಿಸುತ್ತಾ ನನ್ನ ಬೀಗವನ್ನು ನಾನೇ ಕತ್ತರಿಸಿದೆ. ಈ ಸೈಕಲ್ ಯಾರದೆಂದು ಒಬ್ಬರೂ ಕೇಳಲಿಲ್ಲ.